ಹಗ್ಗದ ಆಚೆ ಬದಿ

"ಮಾಮ, ಅಮ್ಮನಿಗೆ ಮಾತ್ರ ಹೇಳ್ಬೇಡ."

ಫೆಬ್ರವರಿಯ ಒಂದು ರಾತ್ರಿ ಹತ್ತೂವರೆಗೆ ಕಾಶ್ಮೀರದ ಗುಲ್ಮಾರ್ಗಿನಿಂದ ಬಂದ ಫೋನಿನ ಮೊದಲ ಮಾತು ಇದು. ಅಳಿಯನ ಸ್ವರ ಕೇಳಿದ ಕೂಡಲೇ ಏನೋ ಎಡವಟ್ಟಾಗಿದೆ ಅಂತ ಗೊತ್ತಾಯ್ತು. ಹೈಸ್ಕೂಲಿನಲ್ಲಿ ಮಾರ್ಕು ಕಮ್ಮಿ ಬಂದಾಗಲೂ ಇದೇ ಸ್ವರದಲ್ಲಿ ನನ್ನ ಹತ್ತಿರ ಬರ್ತಿದ್ದ. ಅಕ್ಕ ಫೇಸ್‌ಬುಕ್‌ನಲ್ಲಿ ಇಲ್ಲ, ಹಾಗಾಗಿ ಧೈರ್ಯದಿಂದ ಬರೀತಿದ್ದೇನೆ. ಮಲ್ಪೆ ಕಡೆಯವರು ಯಾರಾದರೂ ಓದಿದರೆ ದಯವಿಟ್ಟು ಮೀನು ಮಾರ್ಕೆಟಿನಲ್ಲಿ ಅವಳು ಸಿಕ್ಕಾಗ ಬಾಯಿಬಿಡಬೇಡಿ.

ಕಡಲ ತೀರದಲ್ಲಿ ಹುಟ್ಟಿದ ಹುಡುಗನಿಗೆ ಹಿಮದ ಹುಚ್ಚು ಹೇಗೆ ಹಿಡೀತೋ ದೇವರೇ ಬಲ್ಲ. ಬೆಂಗಳೂರಿನಲ್ಲಿ ಕೆಲಸ, ಕೈಯಲ್ಲಿ ಸಂಬಳ. ಒಂದು ವರ್ಷ ಹೋಗಿ ಸ್ಕೀಯಿಂಗ್ ಕಲಿತು ಬಂದ. ಮರುವರ್ಷ ಇಬ್ಬರು ಗೆಳೆಯರ ಜೊತೆ ಮತ್ತೆ ಹೋದ. ಅಲ್ಲಿ ಗೊಂಡೋಲ ಅಂತ ಉಂಟು, ತಂತಿಯ ಮೇಲೆ ಹೋಗುವ ಡಬ್ಬಿ. ಮೊದಲ ಹಂತ ಕೊಂಗದೂರಿಯವರೆಗೆ, ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿನವರೆಗೆ. ಇಳಿಯಲು ಗುರುತು ಹಾಕಿದ ಜಾಗ ಉಂಟು, ಅದರ ಅಂಚಿಗೆ ಹಗ್ಗ. ಹಗ್ಗದ ಈಚೆ ಗಸ್ತಿನವರು ಓಡಾಡ್ತಾರೆ, ಹಿಮ ಕುಸಿಯುವ ಲಕ್ಷಣ ಕಂಡರೆ ದಾರಿ ಮುಚ್ಚುತ್ತಾರೆ. ಆಚೆ ಹೋದರೆ ನೀನುಂಟು, ನಿನ್ನ ಹಣೆಬರಹ ಉಂಟು.

ಇವರು ಕೊಂಗದೂರಿಯಿಂದ ಇಳಿಯುವಾಗ ಹಗ್ಗದ ಆಚೆ, ಮರಗಳ ನಡುವೆ, ಯಾರೋ ಹೋದ ಗೀರುಗಳು ಕಂಡವಂತೆ. ಎರಡೆರಡು ಗೆರೆ, ನೀಟಾಗಿ, ಮರಗಳನ್ನು ಬಳಸಿಕೊಂಡು ಕೆಳಗೆ. ಈ ಕಡೆ ನೂರಾರು ಜನ ತುಳಿದು ಗಟ್ಟಿಯಾದ ಹಿಮ, ಆ ಕಡೆ ಅಳ್ಳಿಟ್ಟಿನ ಹಾಗೆ ಮೆತ್ತಗೆ. "ಅಷ್ಟು ಜನ ಹೋಗಿದ್ದಾರಲ್ಲ ಮಾಮ, ದಾರಿ ಇರಬೇಕು ಅಂದುಕೊಂಡೆವು." ಬಗ್ಗಿ ಹಗ್ಗ ದಾಟಿದರು. ಅರ್ಧ ಗಂಟೆ ಸ್ವರ್ಗ. ಆಮೇಲೆ ಗೀರುಗಳು ಕವಲೊಡೆದವು, ಇವರು ಹಿಡಿದ ಕವಲು ಒಂದು ತೋಡಿನ ಬಾಯಿಗೆ ಬಂದು ನಿಂತಿತು. ಮೇಲೆ ಹತ್ತೋಣವೆಂದು ಸ್ಕೀ ಬಿಚ್ಚಿದರೆ ಸೊಂಟದವರೆಗೆ ಹುಗಿದು ಹೋಗುವ ಹಿಮ. ಗಂಟೆ ಐದು. ಚಳಿಗೆ ಒಬ್ಬೊಬ್ಬರದೇ ಫೋನು ಸತ್ತವು. ಒಳಜೇಬಿನಲ್ಲಿ ಇಟ್ಟುಕೊಂಡಿದ್ದ ಒಂದು ಮಾತ್ರ ಉಸಿರಾಡುತ್ತಿತ್ತು.

ಅದರಿಂದ ತಾವು ಉಳಿದಿದ್ದ ಮನೆಯ ಯಜಮಾನನಿಗೆ ಫೋನು ಮಾಡಿದರು. ಆತ ಬೈಯಲಿಲ್ಲವಂತೆ. ಎರಡೇ ಮಾತು: ಇದ್ದಲ್ಲೇ ಇರಿ, ಕೆಳಗೆ ಇಳಿಯಬೇಡಿ. ರಾತ್ರಿ ಎಂಟರ ಹೊತ್ತಿಗೆ ಟಾರ್ಚ್ ಹಿಡಿದು ಮೂವರು ಬಂದರು. ಅವರಲ್ಲಿ ಒಬ್ಬರು ನಮ್ಮ ಅಪ್ಪನ ಪ್ರಾಯದವರು. ಅಳಿಯನ ಒಂದು ಕೈಯ ಗ್ಲೌಸ್ ಎಲ್ಲೋ ಬಿದ್ದು ಹೋಗಿತ್ತು, ಬೆರಳು ಬೆಳ್ಳಗಾಗಿತ್ತು. ಆ ಹಿರಿಯರು ತಮ್ಮ ಕೈಯ ಜೋಡಿ ಗ್ಲೌಸ್ ಕಳಚಿ ಇವನಿಗೆ ಹಾಕಿ, ತಮ್ಮ ಕೈಗಳನ್ನು ಫಿರನ್, ಅಂದರೆ ಕಾಶ್ಮೀರಿಗಳ ಉದ್ದ ನಿಲುವಂಗಿಯ ಒಳಗೆ ಎಳೆದುಕೊಂಡರು. ಬರುವ ದಾರಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರಂತೆ, ಯಾರ ಗುರುತು ಹಿಡಿದು ಬಂದಿರಿ ಅಂತ. ಕೆಳಗಿನ ಬಾಬಾ ರೇಶಿ ಅನ್ನುವ ಊರಿನ ಕಡೆ ಇಳಿಯುವವರ ಗುರುತು ಅದು. ಅವರಿಗೆ ಕಾಡಿನ ಒಂದೊಂದು ಮರ ಗೊತ್ತು, ಕೆಳಗೆ ಅವರಿಗಾಗಿ ಗಾಡಿ ಕಾಯ್ತಿರ್ತದೆ. ಗೀರು ನೋಡಿದರೆ ಯಾರೋ ಹೋದದ್ದು ತಿಳೀತದೆ, ಹೋದವನು ಎಂಥವನು ಅಂತ ತಿಳಿಯುವುದಿಲ್ಲವಲ್ಲ.

ನಮ್ಮವರ ಪುಣ್ಯ, ಹಿಮ ಜಾರಲಿಲ್ಲ. ಅದೇ ಅಫರ್ವತ್‌ನಲ್ಲಿ 2023ರ ಫೆಬ್ರವರಿಯಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಹೋದರು. 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬ ಸ್ಕೀಯರ್. ಹಿಮದಡಿ ಹೂತುಹೋದವನಿಗೆ ಮೊದಲ ಕಾಲು ಗಂಟೆಯೇ ಆಯುಸ್ಸು, ಆಮೇಲೆ ಬದುಕುವ ಆಸೆ ದಡದಡನೆ ಇಳೀತದೆ. ಅಷ್ಟರೊಳಗೆ ಹೊರಗಿನವರು ಯಾರೂ ಬಂದು ಮುಟ್ಟುವುದಿಲ್ಲ, ಜೊತೆಯಲ್ಲಿದ್ದವನೇ ಅಗೆಯಬೇಕು. ಅದಕ್ಕೇ ತಿಳಿದವರು ಮೈಮೇಲೆ ಸಿಗ್ನಲ್ ಕೊಡುವ ಯಂತ್ರ, ಬೆನ್ನಿಗೆ ಸಲಿಕೆ ಇಟ್ಟುಕೊಂಡು ಹೋಗ್ತಾರೆ. ನಮ್ಮ ಹುಡುಗರ ಬ್ಯಾಗಿನಲ್ಲಿ ಇದ್ದದ್ದು ಒಂದು ಪ್ಯಾಕೆಟ್ ಚಕ್ಕುಲಿ.

ಇದೆಲ್ಲ ನಮ್ಮವರ ದಡ್ಡತನ ಮಾತ್ರ ಅಂದುಕೊಳ್ಳಬೇಡಿ. 2024ರ ಜನವರಿಯಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಕಿಲ್ಲಿಂಗ್‌ಟನ್‌ನಲ್ಲಿ ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೀಗೇ ಗಡಿ ದಾಟಿ ಕಾಡಿನಲ್ಲಿ ಸಿಕ್ಕಿಬಿದ್ದರು, ಅದರಲ್ಲಿ ಮಕ್ಕಳೂ ಇದ್ದರು. ಕೊರೆಯುವ ಚಳಿಯಲ್ಲಿ ಎಲ್ಲರನ್ನೂ ನಡೆಸಿಕೊಂಡು ಹೊರಗೆ ತಂದರು.

ನಾನು ಇರುವುದು ಮಲ್ಪೆಯಲ್ಲಿ. ಈ ಕಥೆ ಕೇಳುವಾಗ ನನಗೆ ಹಿಮ ಕಾಣಲೇ ಇಲ್ಲ, ಜೂನ್ ತಿಂಗಳ ನಮ್ಮ ಬೀಚ್ ಕಂಡಿತು. ಮಳೆಗಾಲದಲ್ಲಿ ಇಲ್ಲಿಯೂ ಹಗ್ಗ ಕಟ್ತಾರೆ, ಕೆಂಪು ಬಾವುಟ ನೆಡ್ತಾರೆ, ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಬೋಟು ನಿಲ್ಲಿಸ್ತಾರೆ. ಆದರೂ ಟಿಟಿ ಗಾಡಿಯಿಂದ ಇಳಿದವರು ಪ್ಯಾಂಟು ಮಡಚಿಕೊಂಡು ಸೀದಾ ಹೋಗುವುದು ಎಲ್ಲಿಗೆ ನೋಡಿ. ಎರಡೂ ಬದಿ ಅಲೆ ಒಡೆಯುತ್ತಿರುವಾಗ ನಡುವೆ ಒಂದು ಕಡೆ ನೀರು ತಣ್ಣಗೆ, ಚಪ್ಪಟೆಯಾಗಿ ಕಾಣ್ತದೆ. ಮಕ್ಕಳನ್ನು ಆಡಿಸಲು ಲಾಯಕ್ಕಾದ ಜಾಗ ಅಂತ ಅಲ್ಲಿಗೇ ಹೋಗ್ತಾರೆ. ದಡಕ್ಕೆ ಬಂದ ನೀರು ಕಡಲಿಗೆ ವಾಪಸ್ ಹರಿಯುವ ಓಣಿ ಅದೇ, ಸೆಳೆತ ಇರುವುದು ಅಲ್ಲೇ. ಸೆಳೆದಾಗ ಯಾರೇ ಆದರೂ ದಡದ ಕಡೆ ಮುಖ ಮಾಡಿ ಕೈಕಾಲು ಬಡೀತಾರೆ, ಸೋತು ಮುಳುಗ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಆ ಓಣಿಯಿಂದ ಹೊರಗೆ ಬಿದ್ದರೆ ಅಲೆಯೇ ತಂದು ಬಿಡ್ತದೆ. ಅಳಿಯನ ಕಾಡಿನಲ್ಲೂ ಹಾಗೇ. ಕೆಳಗೆ ಇಳಿದರೆ ಊರು ಸಿಗ್ತದೆ ಅಂತ ಬುದ್ಧಿ ಹೇಳ್ತದೆ, ಇಳಿದಷ್ಟೂ ತೋಡು ಆಳ.

ನಮ್ಮ ಪಕ್ಕದ ಮನೆಯವರು ಮೂವತ್ತು ವರ್ಷದಿಂದ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ; ಬೋಟು ದಕ್ಕೆಯಲ್ಲಿ, ಇವರು ಜಗಲಿಯಲ್ಲಿ ಬಲೆ ಹೆಣೀತಾ ಕೂತಿರ್ತಾರೆ. ನಿಷೇಧ ಮೀನು ಮರಿ ಹಾಕಲಿ ಅಂತ ಹೌದು, ಕಡಲ ಅಬ್ಬರಕ್ಕೂ ಹೌದು. ನಾಡದೋಣಿಯವರು ಇಳೀತಾರೆ, ಅದೂ ಕಡಲಿನ ಮುಖ ನೋಡಿ. ಕಡಲನ್ನೇ ಉಂಡು ಬದುಕಿದವರು ಜಗಲಿಯಲ್ಲಿ ಕೂತಿರುವಾಗ, ನಿನ್ನೆ ರಾತ್ರಿ ಬಸ್ಸು ಹತ್ತಿ ಬಂದವನಿಗೆ ಎಂತ ಅವಸರ ಮಾರಾಯ್ರೆ?

ನಾನೇನು ಸಾಚಾ ಅಲ್ಲ. ಕಾಲೇಜಿನಲ್ಲಿದ್ದಾಗ ಆಗಸ್ಟ್ ತಿಂಗಳಲ್ಲಿ ಸೋಮೇಶ್ವರ ಬೀಚಿನ ಬಂಡೆ ಹತ್ತಿ ಫೋಟೋ ತೆಗೆಸಿಕೊಂಡವನು. ಅಲೆ ಚಪ್ಪಲಿಯನ್ನಷ್ಟೇ ತೆಗೆದುಕೊಂಡಿತು.

ಈಗ ವಿಷಯಕ್ಕೆ ಬರ್ತೇನೆ. ಇಂಥ ಸುದ್ದಿ ಬಂದಾಗಲೆಲ್ಲ ಕೆಳಗೆ ಕಾಮೆಂಟು ಒಂದೇ: ಇವರ ಹತ್ತಿರ ಖರ್ಚು ವಸೂಲಿ ಮಾಡಿ. ನಾನೂ ಹಾಗೇ ಬರೆದವನು. ವರ್ಮಾಂಟಿನಲ್ಲಂತೂ ಕಾನೂನೇ ಉಂಟು, ಸ್ಕೀ ರೆಸಾರ್ಟಿನ ಗಡಿ ದಾಟಿ ಸಿಕ್ಕಿಬಿದ್ದರೆ ಹುಡುಕಿದ ಖರ್ಚು ಅವನದ್ದೇ. ಆದರೆ ಅಮೆರಿಕದ ಪರ್ವತ ರಕ್ಷಣಾ ತಂಡಗಳ ಒಕ್ಕೂಟವೇ ಇಂಥ ವಸೂಲಿ ಬೇಡ ಅಂತದೆ. ಬಿಲ್ಲಿಗೆ ಹೆದರಿ ಜನ ಫೋನು ಮಾಡುವುದು ತಡ ಮಾಡ್ತಾರೆ, ಕತ್ತಲಾದ ಮೇಲೆ ಕರೀತಾರೆ, ಆಗ ಹುಡುಕಲು ಹೋದವರ ಜೀವವೂ ಅಪಾಯಕ್ಕೆ ಬೀಳ್ತದೆ. ಅಳಿಯನನ್ನು ಕೇಳಿದೆ, ಲಕ್ಷ ರೂಪಾಯಿ ಬಿಲ್ಲು ಬರ್ತದೆ ಅಂತ ಗೊತ್ತಿದ್ದರೆ ಐದು ಗಂಟೆಗೇ ಫೋನು ಮಾಡ್ತಿದ್ದೆಯಾ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಒಂದು ಗಂಟೆ ನೋಡ್ತಿದ್ದೆವೇನೋ" ಅಂದ. ಆ ಒಂದು ಗಂಟೆಯಲ್ಲಿ ಆ ಫೋನೂ ಸತ್ತಿರ್ತಿತ್ತು.

ದುಡ್ಡು ತೆಗೆದುಕೊಳ್ಳುವುದಾದರೆ ಗೇಟಿನಲ್ಲೇ ತೆಗೆದುಕೊಳ್ಳಲಿ. ಕೊಲರಾಡೊದಲ್ಲಿ ಬೇಟೆ, ಮೀನುಗಾರಿಕೆಯ ಲೈಸೆನ್ಸಿನ ಜೊತೆಗೇ ಚಿಲ್ಲರೆ ಮೊತ್ತ ಸೇರಿಸಿ ಹುಡುಕಾಟದ ನಿಧಿಗೆ ಹಾಕ್ತಾರೆ. ನಮ್ಮಲ್ಲೂ ಪಾರ್ಕಿಂಗಿಗೆ, ದ್ವೀಪದ ಬೋಟಿಗೆ ಕೊಡುವ ಹಣದಲ್ಲಿ ಎರಡು ರೂಪಾಯಿ ಜೀವರಕ್ಷಕರ ವಿಮೆಗೆ ಅಂತ ಎತ್ತಿಟ್ಟರೆ ಯಾರ ಗಂಟು ಹೋಗ್ತದೆ? ಬಿಸಿಲಲ್ಲಿ ಇಡೀ ದಿನ ಸೀಟಿ ಊದುವ ಹುಡುಗರನ್ನು "ನೀನು ಯಾರು ಹೇಳಲಿಕ್ಕೆ" ಅಂತ ಗದರುವವರನ್ನು ಕಣ್ಣಾರೆ ನೋಡಿದ್ದೇನೆ. ಅದೇ ಹುಡುಗರು ಹತ್ತು ನಿಮಿಷದ ಮೇಲೆ ನೀರಿಗೆ ಹಾರಬೇಕು. ನಮ್ಮ ಈಶ್ವರ ಮಲ್ಪೆಯವರಂತಹ ಮುಳುಗುಗಾರರನ್ನು ನಾವು ನೆನೆಯುವುದು ಎಲ್ಲ ಮುಗಿದ ಮೇಲೆ, ಹೆಣ ಹುಡುಕಲಿಕ್ಕೆ.

ಹಗ್ಗ ದಾಟಿದವರನ್ನು ಪೂರ್ತಿ ಬಿಟ್ಟುಬಿಡಿ ಅಂತಲೂ ಹೇಳುವುದಿಲ್ಲ. 2024ರ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಜಲಪಾತದಲ್ಲಿ ಎಚ್ಚರಿಕೆ ಮೀರಿ ಸ್ನಾನಕ್ಕಿಳಿದವರ ಬಟ್ಟೆಯನ್ನು ಪೊಲೀಸರು ಹೊತ್ತುಕೊಂಡು ಹೋದ ವಿಡಿಯೋ ನೋಡಿದ್ದೀರಲ್ಲ. ಚಡ್ಡಿಯಲ್ಲಿ ಹಿಂದೆ ಓಡಿದವರು ಜನ್ಮದಲ್ಲಿ ಮರೆಯಲಿಕ್ಕಿಲ್ಲ. ಅಪಾಯಕ್ಕೆ ಮೊದಲೇ ಕೊಡುವ ಶಿಕ್ಷೆ, ಖರ್ಚೂ ಇಲ್ಲ. ನನ್ನ ಓಟು ಅದಕ್ಕೆ.

ಅಳಿಯ ಮೊನ್ನೆ ಊರಿಗೆ ಬಂದಿದ್ದ. ಬೆರಳು ಸರಿಯಾಗಿದೆ, ತುದಿ ಮಾತ್ರ ಇನ್ನೂ ಜುಮ್ಮೆನ್ನುತ್ತದಂತೆ. ಆ ಹಿರಿಯರ ಗ್ಲೌಸ್ ಹಾಗೇ ಬ್ಯಾಗಿನಲ್ಲಿ ಬಂದುಬಿಟ್ಟಿದೆ. ಕೊರಿಯರ್ ಮಾಡೋಣವೆಂದರೆ ಹೆಸರು ಕೇಳಿಕೊಂಡಿಲ್ಲ, ಪೆದ್ದ. ಉಳಿದಿದ್ದ ಮನೆಯ ಯಜಮಾನನ ವಿಳಾಸಕ್ಕೇ ಕಳಿಸು ಅಂದೆ. ಅಷ್ಟರಲ್ಲಿ ಅಕ್ಕ ಅದನ್ನು ಸಾಬೂನು ಹಾಕಿ ಒಗೆದು, ಹಿತ್ತಲಿನ ತಂತಿಯಲ್ಲಿ ಲುಂಗಿ ಪಕ್ಕ ಒಣಹಾಕಿ ಕೇಳಿದಳು:

"ಇದು ಯಾರದ್ದಾ? ನಿನ್ನ ಕೈಗೆ ಇಷ್ಟು ದೊಡ್ಡದು ಯಾಕೆ ತಗೊಂಡದ್ದು?"