ಆ ಪದ ಒಂದು ಬೇಡ

ಕೊಲೆ ಅಂತ ಬರೆದುಕೊಂಡರೆ ಠಾಣೆಯವರು ಕೊಲೆಗಾರನನ್ನು ಹುಡುಕಬೇಕಾಗುತ್ತದೆ. ಅದರ ಬದಲು ‘ಅಸಹಜ ಸಾವು’ ಅಂತ ಬರೆದುಕೊಂಡರೆ ಆ ರಾತ್ರಿ ನಿದ್ದೆಗೆ ಮೋಸವಿಲ್ಲ. ಈ ವಿದ್ಯೆ ನಮ್ಮ ಕಡೆಯದು ಮಾತ್ರ ಅಂದುಕೊಂಡಿದ್ದೆ. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಹುಟು ಕುಲದ ಉಗ್ರರು ಟುಟ್ಸಿ ಕುಲದವರನ್ನು ಕೊಚ್ಚಿ ಹಾಕಿದ ಕತೆ ಓದಿದ ಮೇಲೆ ಆ ಜಂಬ ಇಳಿಯಿತು.

ನರಮೇಧವನ್ನು, ಅಂದರೆ ಒಂದು ಜನಾಂಗವನ್ನೇ ಅಳಿಸಲು ನಡೆಸುವ ಕೊಲೆಗಳನ್ನು, ತಡೆಯುತ್ತೇವೆ ಅಂತ ವಿಶ್ವಸಂಸ್ಥೆಯಲ್ಲಿ 1948ರಲ್ಲೇ ಒಪ್ಪಂದವಾಗಿತ್ತು. ಹಾಗಾಗಿ ‘ನರಮೇಧ’ ಅಂದುಬಿಟ್ಟರೆ ಏನಾದರೂ ಮಾಡಬೇಕಾಗುತ್ತಿತ್ತು. ಅಮೆರಿಕದ ವಕ್ತಾರೆ ಜೂನ್‌ನಲ್ಲಿ ನಾಜೂಕಾಗಿ ‘ನರಮೇಧದ ಕೃತ್ಯಗಳು’ ಅಂದರು. ಅಂಥ ಎಷ್ಟು ಕೃತ್ಯ ಸೇರಿದರೆ ಒಂದು ನರಮೇಧ ಅಂತ ವರದಿಗಾರನೊಬ್ಬ ಕೇಳಿದ. ಅದಕ್ಕೆ ಉತ್ತರ ಕೊಡುವುದು ತಮ್ಮ ಕೆಲಸವಲ್ಲ ಅಂದರು ಆಯಮ್ಮ.

ಅಲ್ಲಿಯ ಹುಟು, ಟುಟ್ಸಿ ಎರಡೂ ಕಡೆಯವರದು ಒಂದೇ ಭಾಷೆ, ಅವೇ ಗುಡ್ಡಗಳು. ಯಾರು ಯಾರು ಅಂತ ಗೊಂದಲವಾಗದಿರಲೆಂದು ಬೆಲ್ಜಿಯಂ ಸಾಹೇಬರು 1930ರ ದಶಕದಲ್ಲೇ ಕುಲ ಬರೆದ ಗುರುತಿನ ಚೀಟಿ ಹಂಚಿದ್ದರು. ಅರವತ್ತು ವರ್ಷದ ನಂತರ ರಸ್ತೆ ತಡೆದು ನಿಂತ ಮಚ್ಚಿನವರಿಗೆ ಅದು ತುಂಬಾ ಅನುಕೂಲವಾಯಿತು.

ಕೊಲ್ಲಲು ಉಬ್ಬಿಸುತ್ತಿದ್ದ ರೇಡಿಯೋ ಬೇರೆ ಇತ್ತು. ವಿಮಾನ ಹಾರಿಸಿ ಅದರ ಬಾಯಿ ಕಟ್ಟಬಹುದಾ ಅಂತ ಅಮೆರಿಕದಲ್ಲಿ ಯೋಚನೆ ನಡೆಯಿತು. ಗಂಟೆಗೆ ಸುಮಾರು 8,500 ಡಾಲರ್ ಖರ್ಚು. ದುಬಾರಿ, ಪರಿಣಾಮವೂ ಕಮ್ಮಿ ಅಂತ ಕೈಬಿಟ್ಟರು. ನೂರು ದಿನದಲ್ಲಿ ಸುಮಾರು 8 ಲಕ್ಷ ಜನ ಸತ್ತರು. ಅಂದರೆ ಗಂಟೆಗೆ ಮುನ್ನೂರು ಚಿಲ್ಲರೆ. ತಲೆಗೆ ಇಪ್ಪತ್ತೈದು ಡಾಲರ್ ಬೀಳುತ್ತಿತ್ತು. ಜಾಸ್ತಿಯೇ ಆಯಿತು, ಅಲ್ವಾ?

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇನೂ ಸುಮ್ನೆ ಕೂರಲಿಲ್ಲ. ಏಪ್ರಿಲ್ 21ರಂದು ಸಭೆ ಸೇರಿ ಅಲ್ಲಿದ್ದ ಶಾಂತಿಪಾಲನಾ ಪಡೆಯನ್ನು 270 ಜನಕ್ಕೆ ಇಳಿಸಲು ಒಮ್ಮತದಿಂದ ತೀರ್ಮಾನಿಸಿತು. ಒಮ್ಮತ ಅಂದರೆ ನಿಜವಾದ ಒಮ್ಮತ. ಯಾಕೆಂದರೆ ಆ ವರ್ಷ ರುವಾಂಡಾ ಕೂಡ ಮಂಡಳಿಯ ಸದಸ್ಯ. ಕೊಲ್ಲಿಸುತ್ತಿದ್ದ ಸರ್ಕಾರದ ಪ್ರತಿನಿಧಿಯೂ ಕುರ್ಚಿಯಲ್ಲಿ ಕೂತು ಕೈ ಎತ್ತಿದರು.

ಆಮೇಲೆ ಮನಸ್ಸು ಕರಗಿ, 50 ಕವಚದ ಗಾಡಿ ಕೊಡಿ ಅಂತ ವಿಶ್ವಸಂಸ್ಥೆ ಅಮೆರಿಕವನ್ನು ಕೇಳಿತು. ಬಾಡಿಗೆ ಎಷ್ಟು, ಸಾಗಿಸುವ ಖರ್ಚು ಯಾರದು, ಬಣ್ಣ ಯಾವುದು? ಚೌಕಾಸಿ ಮುಗಿದು ಗಾಡಿಗಳು ಪಕ್ಕದ ಉಗಾಂಡಾ ಮುಟ್ಟುವಷ್ಟರಲ್ಲಿ ಕಾಪಾಡಲು ಜಾಸ್ತಿ ಜನ ಉಳಿದಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಲ್ಲಿ ಬಾಗಿಲಿಗೆ ಬಣ್ಣದ ಚರ್ಚೆಯೇ ಮುಗಿದಿರಲಿಲ್ಲ.

1998ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ರುವಾಂಡಾದ ರಾಜಧಾನಿ ಕಿಗಾಲಿಗೆ ಬಂದರು. ಭಾಷಣದಲ್ಲಿ ‘ನರಮೇಧ’ ಅನ್ನುವ ಪದವನ್ನು ಧಾರಾಳವಾಗಿ ಬಳಸಿದರು. ಕೆಲವೇ ಗಂಟೆ ಇದ್ದರು. ವಿಮಾನ ನಿಲ್ದಾಣ ಬಿಟ್ಟು ಮಾತ್ರ ಹೊರಗೆ ಕಾಲಿಡಲಿಲ್ಲ.