ಅರವತ್ತು ಸಾವಿರ ವರ್ಷದ ಬ್ಯಾಕಪ್

ಕೊರಿಯಾದ ಸುದ್ದಿ ಓದಿ ನನಗೆ ನಗು ಬಂತು ಅಂದರೆ ಬೈಯಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತಲ್ಲ, ಅದೇ. ನೌಕರರು ಕಡತ ಇಟ್ಟುಕೊಂಡಿದ್ದ 858 ಟೆರಾಬೈಟ್ ಹೋಯಿತು. ಬ್ಯಾಕಪ್ ಯಾಕಿರಲಿಲ್ಲ? ತುಂಬಾ ದೊಡ್ಡದಿತ್ತಂತೆ, ಅದಕ್ಕೆ. ಮನೆ ದೊಡ್ಡದು, ಅದಕ್ಕೇ ಬೀಗ ಹಾಕಲಿಲ್ಲ ಅಂದ ಹಾಗೆ.

ಬ್ಯಾಕಪ್ ಇಡದೆ ಒಂದು ದೇಶ ತಪ್ಪಿಸಿಕೊಂಡಿತು. ನಾನು ಸಿಕ್ಕಿಬಿದ್ದೆ. ಹೊರದೇಶದ ವಿಶ್ವವಿದ್ಯಾಲಯವೊಂದರ ಜೊತೆ ಸೇರಿ ಸಂಶೋಧನಾ ಅರ್ಜಿ ಹಾಕುತ್ತಿದ್ದೇನೆ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬಂದ ಮೇಲೆ ಕೋಲಾರದ ಕೆರೆಗಳ ಪಾಡೇನು ಅಂತ ನೋಡುವ ಕೆಲಸ. ಅದಕ್ಕೆ 'ಡೇಟಾ ಮ್ಯಾನೇಜ್‌ಮೆಂಟ್ ಪ್ಲಾನ್' ಬೇಕು, ಅಂದರೆ ಸಿಕ್ಕ ಡೇಟಾ ಹೇಗೆ ಕಾಪಾಡುತ್ತೇವೆ, ಹೇಗೆ ಹಂಚುತ್ತೇವೆ ಅಂತ ಬರೆದುಕೊಡಬೇಕು. ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್‌ನವರು 2011ರಲ್ಲೇ ಇದನ್ನು ಕಡ್ಡಾಯ ಮಾಡಿದರು. ಎರಡು ಪುಟ, ಅಷ್ಟೇ. ನಾವು ಯಾವತ್ತೂ ಒಳ್ಳೆಯದನ್ನು ಸ್ವಲ್ಪ ತಡವಾಗಿ ಕಲಿಯುವವರು.

ನನ್ನ ಡೇಟಾ ಅಂದರೆ ಹನ್ನೊಂದು ನೋಟ್‌ಬುಕ್ಕು. ಐದನೆಯದು ಕೆರೆ ಏರಿ ಮೇಲೆ ಮಳೆಗೆ ಸಿಕ್ಕಿ ನೆನೆದಿತ್ತು. ನಮ್ಮ ಯೋಜನೆಯ ಸಹಾಯಕ ಹುಡುಗ ಅದನ್ನು ಹಾಸ್ಟೆಲ್‌ನ ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದ, ಬನಿಯನ್ನಿನ ಪಕ್ಕ. ಅದರಲ್ಲಿ ಬರೆದ ಅಂಕಿಗಳಲ್ಲಿ ಒಂದು ಯಾವುದು ಏಳು ಯಾವುದು ಅಂತ ಅವನಿಗೊಬ್ಬನಿಗೇ ಗೊತ್ತು. ಪ್ಲಾನಿನಲ್ಲಿ ಇದನ್ನು 'ಮೂಲ ಪ್ರತಿಗಳ ಸಂರಕ್ಷಣೆ' ಅಂತ ಬರೆದಿದ್ದೇನೆ.

ಡೇಟಾ 'ಫೇರ್' ಇರಬೇಕಂತೆ. 2016ರಿಂದ ಜಗತ್ತೆಲ್ಲ ಜಪಿಸುವ ಮಂತ್ರ. ಹುಡುಕಿದರೆ ಸಿಗಬೇಕು, ಸಿಕ್ಕರೆ ತೆಗೆಯಲು ಬರಬೇಕು, ಬೇರೆಯದರ ಜೊತೆ ಹೊಂದಬೇಕು, ಮತ್ತೆ ಬಳಸುವಂತಿರಬೇಕು. ನಮ್ಮ ವಿಭಾಗದ ಬೀರುವಿನ ಕೀಲಿಯೇ ಹುಡುಕಿದರೆ ಸಿಗಲ್ಲ, ಸ್ವಾಮಿ. ಬರೆದವರಾದರೂ ನಡೆದುಕೊಳ್ಳುತ್ತಾರಾ? 2022ರಲ್ಲಿ ಒಂದು ಅಧ್ಯಯನ ಬಂತು. 'ಕೇಳಿದರೆ ಡೇಟಾ ಕೊಡುತ್ತೇವೆ' ಎಂದಿದ್ದ 1,792 ಪ್ರಬಂಧಗಳವರನ್ನು ನಿಜವಾಗಿಯೂ ಕೇಳಿ ನೋಡಿದರು. ನೂರಕ್ಕೆ 93 ಮಂದಿ ಉತ್ತರಿಸಲಿಲ್ಲ, ಇಲ್ಲವೇ ಆಗಲ್ಲ ಅಂದರು.

ಈ ವಿಷಯದಲ್ಲಿ ನಮ್ಮ ಹಿರಿಯರೇ ವಾಸಿ. ಹಳೇ ದಾನಶಾಸನಗಳನ್ನು ನೋಡಿ. ಡೇಟಾ ಕಲ್ಲಿನ ಮೇಲೆ, ಕಲ್ಲು ಬಯಲಲ್ಲಿ. ಪಾಸ್‌ವರ್ಡ್ ಇಲ್ಲ. ಕೊನೆಗೆ ಶಾಪ: ಈ ದಾನ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ಕೆಲವದರಲ್ಲಿ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪವೂ ಉಂಟು. ಅವಧಿ ಇದೆ, ದಂಡ ಇದೆ, ಹೊಣೆ ಯಾರದು ಅನ್ನುವುದೂ ಇದೆ. ಇವತ್ತಿನ ಯಾವ ಪ್ಲಾನಿನಲ್ಲಿ ಹುಳು ಇದೆ ಹೇಳಿ? ಹಾಗಂತ ಆ ಕಲ್ಲುಗಳನ್ನು ನಾವು ಬಿಟ್ಟೆವಾ, ಬಟ್ಟೆ ಒಗೆದೆವು. ಅದು ಬೇರೆ ಮಾತು.

ನಮ್ಮ ಫಾರಂ ಡೇಟಾ ಹತ್ತೇ ವರ್ಷ ಉಳಿಸಿ ಅಂತ ಕೇಳುತ್ತದೆ. ಯೋಜನೆ ಮೂರು ವರ್ಷದ್ದು. ಹುಡುಗನ ಗುತ್ತಿಗೆ ಹನ್ನೊಂದು ತಿಂಗಳು. ಸ್ಟೋರೇಜ್‌ಗೆ ಅಂತ ಬಜೆಟ್ಟಿನಲ್ಲಿ ಹಾಕಿದ್ದ ದುಡ್ಡನ್ನು 'ಅನಗತ್ಯ' ಅಂತ ನಮ್ಮ ಕಚೇರಿಯೇ ಹೊಡೆದುಹಾಕಿತು. ಹಳೇ ಯೋಜನೆಯಿಂದ ಅವನಿಗೆ ಐದು ತಿಂಗಳ ಸಂಬಳ ಬರಬೇಕು. ಈಗ ಸಂಜೆ ಹೊತ್ತು ಬೈಕಿನಲ್ಲಿ ಮನೆ ಮನೆಗೆ ಊಟ ಮುಟ್ಟಿಸುತ್ತಾನೆ. ಆ ಏಳು, ಒಂದು ಓದಬಲ್ಲವನು ಅವನೊಬ್ಬನೇ. ಅವನನ್ನೇ ಉಳಿಸಿಕೊಳ್ಳದವರು ಯಾವ ಡೇಟಾ ಉಳಿಸುತ್ತೀರಿ? ಯಾರಿಗೆ ಈ ನಾಟಕ? ಇದನ್ನು ಕೇಳಿ ಕೇಳಿ ಸಾಕಾಗಿದೆ ನನಗೆ.

ಇರಲಿ. ಪ್ಲಾನ್ ಬರೆಯಲು ಕಚೇರಿಯವರು ಒಂದು ಮಾದರಿ ಕೊಟ್ಟಿದ್ದರು. ಯಾರೋ ಮೀನಿನ ಸಂಶೋಧಕರದು. 'ಆಳ ಸಮುದ್ರದ ಮಾದರಿಗಳನ್ನು ಹಡಗಿನಲ್ಲೇ ಶೀತಲೀಕರಿಸಲಾಗುವುದು' ಅಂತಿತ್ತು. ನಾನು ಆ ಪ್ಯಾರಾ ತೆಗೆದು ಕಳಿಸಿದೆ. ಮರುದಿನವೇ ವಾಪಸ್. ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಸಮುದ್ರದ ಭಾಗ ಬಿಟ್ಟುಹೋಗಿದೆ, ಸೇರಿಸಿ ಕಳಿಸಿ.'

ಸೇರಿಸಿದೆ. ಕೋಲಾರದ ಕೆರೆಗೆ ಈಗ ಹಡಗೂ ಇದೆ.