ಮುಖ ತೊಳೆದ ರಾಕ್ಷಸ

ದಸರಾ ಬಂತಂದ್ರೆ ನಮ್ಮ ಕೊಪ್ಪಳದ ಮನೆಯಲ್ಲಿ ಇರೋದೆಲ್ಲ ನೀರಿಗೆ ಬೀಳಬೇಕು. ಹಾಸಿಗೆ, ಕೌದಿ, ಪರದೆ, ಅಟ್ಟದ ಮೇಲಿನ ಹಿತ್ತಾಳೆ ಕೊಡ, ಎಲ್ಲ. ಇದು ಗೊತ್ತಿದ್ದೂ ನನ್ನ ನಾಲ್ಕು ಗೊಂಬೆಗಳನ್ನು ಅವ್ವನ ಕೈಗೆ ಸಿಗೋ ಹಾಗೆ ಅಲಮಾರಿಯಲ್ಲಿ ಇಟ್ಟು ಮೂರು ದಿನ ಹುಬ್ಬಳ್ಳಿಗೆ ಹೋದೆ ನೋಡಿ, ತಪ್ಪು ನಂದೇ.

ಮಕ್ಕಳ ಗೊಂಬೆ ಅಲ್ಲ ಅವು. ಕಿಸ್ ಅಂತ ಒಂದು ರಾಕ್ ಬ್ಯಾಂಡ್, 1973ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದದ್ದು. ನಾಲ್ಕೂ ಜನ ಮುಖಕ್ಕೆ ಬಿಳಿ, ಕಪ್ಪು ಬಣ್ಣ ಬಳಿದುಕೊಂಡು, ನಮ್ಮ ಬಯಲಾಟದವರೇ ನಾಚಬೇಕು ಅಂಥ ವೇಷ ಹಾಕಿ ಹಾಡುತ್ತಿದ್ದರು. ಅದರಲ್ಲಿ ಜೀನ್ ಸಿಮ್ಮನ್ಸ್ ರಾಕ್ಷಸನ ವೇಷದವನು, ಮೊಳದುದ್ದ ನಾಲಿಗೆ ಹೊರಗೆ ಹಾಕೋದು ಅವನ ಕೆಲಸ. ಇವರ ಗೊಂಬೆಗಳನ್ನು ಮೆಗೋ ಅನ್ನೋ ಕಂಪನಿ 1978ರಲ್ಲೇ ಮಾಡಿತ್ತು, ಅವು ನಮ್ಮಂಥವರ ಕೈಗೆ ಎಟುಕೋದಿಲ್ಲ ಬಿಡಿ. ನನ್ನವು ಮೆಕ್‌ಫಾರ್ಲೇನ್ ಕಂಪನಿ 1997ರಲ್ಲಿ ತಂದವು. ಬೆಂಗಳೂರಿನ ಹಾಸ್ಟೆಲ್ ಗೆಳೆಯನ ಹತ್ತಿರ ನಾಲ್ಕಕ್ಕೂ ಸೇರಿ 6,000 ರೂಪಾಯಿ ಕೊಟ್ಟು ತಂದಿದ್ದೆ. ಮನೆಯಲ್ಲಿ 600 ಅಂತ ಹೇಳಿದ್ದೆ. ಅದಕ್ಕೂ ಅಪ್ಪ, 'ಹನ್ನೆರಡು ಕಿಲೋಮೀಟರ್ ಹೋದ್ರ ಕಿನ್ನಾಳದಾಗ ಕಟಗಿ ಗೊಂಬಿ ಸಿಗತಾವು, ಕೈಲೆ ಮಾಡಿದ್ದು, ಇದೇನೋ ಪ್ಲಾಸ್ಟಿಕ್ಕು' ಅಂದಿದ್ದರು. ಅಪ್ಪನ ಮಾತಲ್ಲಿ ತಪ್ಪಿಲ್ಲ. ಹಗುರ ಮರದ ಮೇಲೆ ಹುಣಸೆಬೀಜದ ಅಂಟು ಹಚ್ಚಿ ಮಾಡುವ ಆ ಗೊಂಬೆಯ ಹೊಳಪೇ ಬೇರೆ.

ಆದರೆ ಇಂಥ ಗೊಂಬೆ ಕೂಡಿಟ್ಟು ಮಾರೋ ವ್ಯವಹಾರದಲ್ಲಿ ಗೊಂಬೆಗಿಂತ ಡಬ್ಬಿಗೇ ಮರ್ಯಾದೆ ಜಾಸ್ತಿ. ಪ್ಲಾಸ್ಟಿಕ್ ತೆರೆದಿರಬಾರದು, ಹಿಂದಿನ ರಟ್ಟು ಮಡಚಿರಬಾರದು. ಬೇಸಿಗೆಗೆ ಗೋಂದು ಬಿಟ್ಟುಕೊಳ್ಳುತ್ತೆ ಅಂತ ಅಲಮಾರಿಗೆ ಕೂಲರ್ ತಿರುಗಿಸಿ ಇಟ್ಟೆ, ಅದರ ತೇವಕ್ಕೆ ಒಂದು ರಟ್ಟು ಹಪ್ಪಳದ ಹಾಗೆ ಡೊಂಕಾಯ್ತು. ಆದರೂ ಬೆಲೆ ಏರುತ್ತಲೇ ಇತ್ತು. ಹೊರದೇಶದ ಆಟಿಕೆ ಮೇಲಿನ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಹೋಯ್ತು, 2023ರಲ್ಲಿ 70 ಆಯ್ತು. ಅಲ್ಲಿಂದ ತರಿಸೋದು ದುಬಾರಿ ಅಂದ ಮೇಲೆ ಇಲ್ಲೇ ಇರೋದನ್ನ ಹುಡುಕೋರು ಹೆಚ್ಚಾದರು. ಒಬ್ಬ ನಾಲ್ಕಕ್ಕೂ ಸೇರಿ 14,000 ಕೊಡ್ತೀನಿ ಅಂದಿದ್ದ. ಇನ್ನೂ ಏರಲಿ ಅಂತ ನಾನು ಸುಮ್ನೆ ಕೂತಿದ್ದೆ.

ಹುಬ್ಬಳ್ಳಿಯಿಂದ ಬಂದು ನೋಡಿದರೆ ಮಾಳಿಗೆ ಮೇಲೆ, ಒಣಮೆಣಸಿನಕಾಯಿ ಪಕ್ಕದಲ್ಲಿ, ಮೂರು ಗೊಂಬೆ ಬಿಸಿಲು ಕಾಯುತ್ತಾ ಮಲಗಿವೆ. ಡಬ್ಬಿ ರಟ್ಟು ಒಲೆ ಸೇರಿದೆ.

'ಎಪ್ಪಾ, ಮಾರಿಗೆಲ್ಲ ಮಸಿ ಹತ್ತಿತ್ತು ನೋಡು' ಅಂದಳು ಅವ್ವ, ಹೆಮ್ಮೆಯಿಂದ. 'ಸೋಪಿನ ಪುಡಿ ಹಾಕಿ, ತಂತಿ ಬ್ರಷ್ಷಿಲೆ ಅರ್ಧ ತಾಸು ತಿಕ್ಕೀನಿ. ಈಗ ನೋಡು, ಹೆಂಗ ಮನಷ್ಯಾರಂಗ ಕಾಣ್ತಾರ.'

ನಿಜ, ಕಾಣ್ತಿದ್ದರು. ಮೂಗಿನ ತುದಿಯೂ ಸವೆದಿತ್ತು. ಆ ಬ್ಯಾಂಡಿನವರು ತಾವಾಗೇ ಬಣ್ಣ ಅಳಿಸಿ ಜನರೆದುರು ಬಂದದ್ದು 1983ರಲ್ಲಿ, ಅದಕ್ಕೆ ಹತ್ತು ವರ್ಷ ಹಿಡೀತು. 1996ರಲ್ಲಿ ಮತ್ತೆ ಬಳಿದುಕೊಂಡರು, ಆ ಗದ್ದಲದಲ್ಲೇ ನನ್ನ ಗೊಂಬೆಗಳು ಹುಟ್ಟಿದ್ದು. ಅವ್ವನಿಗೆ ಒಂದು ಬಕೆಟ್ ನೀರು ಸಾಕಾಯ್ತು.

'ನಾಕನೇದು ಎಲ್ಲಿ?'

'ಆ ನಾಲಿಗಿ ಚಾಚಿದ್ದಾ? ನಿಮ್ಮ ಮಾಮಾ ಒಯ್ದಾನ.'

ಮಾಮಾ ಗಿಣಿಗೇರಾದಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಹೋಗಿ ನೋಡಿದೆ. ಎರಡನೇ ಮಹಡಿಯ ಸಾರುವೆ ಬೊಂಬಿಗೆ ಬೂದುಗುಂಬಳಕಾಯಿ, ಹಳೇ ಚಪ್ಪಲಿ, ಅವೆರಡರ ನಡುವೆ ಜೀನ್ ಸಿಮ್ಮನ್ಸ್ ಜೋತಾಡುತ್ತಿದ್ದ. ಅವನೊಬ್ಬನ ಬಣ್ಣ ಮಾತ್ರ ಹಾಗೇ ಇತ್ತು, ತೊಳೆದರೆ ದೃಷ್ಟಿ ತೆಗೆಯೋ ಶಕ್ತಿ ಹೋಗುತ್ತೆ ಅಂತ ಮಾಮಾ ತಡೆದಿದ್ದರಂತೆ.

'ಮಾಮಾ, ಅದರ ಬೆಲಿ ಗೊತ್ತೈತೇನು ನಿಮಗ?'

'ಗೊತ್ತದ ಗೊತ್ತದ, ನಿಮ್ಮವ್ವ ಹೇಳ್ಯಾಳ' ಅಂದು ಮಾಮಾ ಜೇಬಿಗೆ ಕೈ ಹಾಕಿ ನೂರೈವತ್ತು ರೂಪಾಯಿ ಎಣಿಸಿ ಕೊಟ್ಟರು. ಆರು ನೂರರಲ್ಲಿ ಕಾಲು ಭಾಗ.